ಅಗ್ಗದ ಚೂರಿಯ ಕೊನೆಯ ಪರೀಕ್ಷೆ

ಹೆಣ ಸೌದೆ ತುಂಡುಗಳ ನಡುವೆ ಬಿದ್ದಿತ್ತು. ಕುತ್ತಿಗೆಯ ಎಡಗಡೆ ಚೂರಿಯ ಮುರಿದ ತುದಿ. ಉಳಿದರ್ಧ, ಹಿಡಿ ಸಮೇತ, ಎದುರಿನ ಮರದ ತುಂಡಿನಲ್ಲಿ ಸಿಕ್ಕಿಕೊಂಡಿತ್ತು. ಪಕ್ಕದಲ್ಲೇ ಮರದ ಕೊಡತಿ.

"ಆಕ್ಸಿಡೆಂಟ್ ಸರ್," ಅಂದ ನನ್ನ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಅಂತಲೇ ಕರೆಯೋದು. "ಸೌದೆ ಮೇಲೆ ಚೂರಿ ಇಟ್ಟು, ಕೊಡತಿಯಿಂದ ಬಡಿದು ಸೀಳ್ತಿದ್ದ. ಚೂರಿ ಮುರೀತು. ತುಂಡು ಹಾರಿ ಬಂತು. ಕಥೆ ಮುಗೀತು."

ಮುಗಿದರೆ ಸಾಕಪ್ಪಾ ಅನ್ನಿಸಿತು. ಮೂವತ್ತೊಂದು ವರ್ಷ ಸರ್ವಿಸ್ ಆಗಿದೆ. ಬಗ್ಗಿದರೆ ಏಳೋಕಾಗಲ್ಲ, ಎದ್ದರೆ ಬಗ್ಗೋಕಾಗಲ್ಲ. ಆದರೂ ಬಗ್ಗಿ ನೋಡಿದೆ.

ಸತ್ತವನ ಕೆಲಸವೇ ಮುರಿಯುವುದು. ಕಾಡುಮೇಡು ಅಲೆಯುವವರು ಕೊಳ್ಳುವ ಚೂರಿ, ಹಗ್ಗ, ಟಾರ್ಚು ಏನೇ ಬರಲಿ, ಈ ಶೆಡ್ಡಿನಲ್ಲಿ ಬಡಿದು, ಬಗ್ಗಿಸಿ, ನೆನೆಸಿ, ಚಾರಣಿಗರ ಪತ್ರಿಕೆಗೆ ವರದಿ ಬರೆಯುತ್ತಿದ್ದ. ಓದುಗರು ಪ್ರೀತಿಯಿಂದ 'ಮುರಿಯೋ ಮಾಮ' ಅಂತಿದ್ದರಂತೆ. ಈ ಸಲ ಬಂದಿದ್ದು ಒಂದು ಅಗ್ಗದ ಸರ್ವೈವಲ್ ಚೂರಿ. ಮೈಗೆಲ್ಲ ಕಪ್ಪು ಬಣ್ಣ. ಹಿಡಿಯೊಳಗೆ ದಿಕ್ಸೂಚಿ, ಬೆಂಕಿಕಡ್ಡಿ, ಮೀನಿನ ಗಾಳ. ಜೀವ ಉಳಿಸೋಕೆ ಬೇಕಾದ್ದೆಲ್ಲ ಇತ್ತು, ಒಳ್ಳೆ ಉಕ್ಕು ಒಂದು ಬಿಟ್ಟು.

ಅವನ ತಂಗಿ ಬೆಂಚಿನ ಮೇಲೆ ಕೂತಿದ್ದಳು. ಹನ್ನೊಂದು ವರ್ಷದಿಂದ ಅಣ್ಣನ ಪರೀಕ್ಷೆಗಳ ಲೆಕ್ಕ ಬರೆಯುವವಳು. ಮಡಿಲಲ್ಲಿ ಪ್ಲಾಸ್ಟಿಕ್ಕಿನ ಮುಖಕವಚ.

"ನಾನೇ ಕೊಂದೆ ಸರ್."

"ಏನಮ್ಮಾ ಹಾಗಂದ್ರೆ?"

"ಇದರ ಪಟ್ಟಿ ಹೊಲಿಯೋಕೆ ಅಂತ ಒಂಬತ್ತಕ್ಕೆ ಮನೆಗೆ ತಗೊಂಡು ಹೋದೆ. ನಾನು ಬರೋವರೆಗೂ ಮರ ಮುಟ್ಟಬೇಡ ಅಂತ ಹೇಳೋಕೆ ಮರೆತೆ. ನೋಡಿ, ಇದು ಕುತ್ತಿಗೆವರೆಗೂ ಬರುತ್ತೆ. ಇದಿದ್ದಿದ್ರೆ ಅಣ್ಣ ಉಳೀತಿದ್ದ."

ಹನ್ನೊಂದೂವರೆಗೆ ವಾಪಸ್ ಬಂದಾಗ ಹೆಣ ಕಂಡಿದ್ದೂ ಅವಳಿಗೇ. ಬೆನ್ನ ಹಿಂದೆ ಅವಳ ಗಂಡ ನಿಂತಿದ್ದ. ಪಕ್ಕದ ಬೀದಿಯಲ್ಲಿ ಟೆಂಟು, ಬೂಟು, ಚೂರಿ ಮಾರುವ ಅಂಗಡಿ ಇಟ್ಟುಕೊಂಡವನು. "ಅಳಬೇಡ," ಅನ್ನುತ್ತಿದ್ದ, "ಬೇಕು ಅಂತ ಮಾಡಿದ್ದಲ್ವಲ್ಲ." ನನಗೆ ಆ ಮಾತು ಯಾಕೋ ಹಿಡಿಸಲಿಲ್ಲ.

*

ಆಸ್ಪತ್ರೆಯ ಡಾಕ್ಟರು ಚೂರಿಯ ತುದಿಯನ್ನು ತೊಳೆದು ತಟ್ಟೆಯಲ್ಲಿ ಇಟ್ಟಿದ್ದರು.

"ಮುರಿದ ಜಾಗ ನೋಡಿ. ಬಣ್ಣ ಏನು?"

"ಕೆಂಪು. ರಕ್ತ."

"ತೊಳೆದಿದ್ದೀನಲ್ರೀ. ತುಕ್ಕು ಅದು. ಈಗ ತಾನೆ ಮುರಿದ ಉಕ್ಕು ಬೆಳ್ಳಗೆ ಹೊಳೀಬೇಕು. ಇನ್ನೊಂದು, ಹಾರಿ ಬಂದ ತುಂಡು ಇಷ್ಟು ಆಳಕ್ಕೆ ಇಳಿಯಲ್ಲ. ಯಾರೋ ಒತ್ತಿದ್ದಾರೆ. ಮೂಸಿ."

ಮೂಸಿದೆ. ಎಣ್ಣೆ. ಅದರಲ್ಲಿ ಲವಂಗದ ವಾಸನೆ.

ಒಂದೇ ಒಂದು ಸಲನಾದರೂ ಆಕ್ಸಿಡೆಂಟ್ ಅನ್ನೋದು ಆಕ್ಸಿಡೆಂಟೇ ಆಗಿರಬಾರದಾ? ಮನೆಗೆ ಫೋನ್ ಮಾಡಿ ಊಟಕ್ಕೆ ಕಾಯಬೇಡ ಅಂದೆ. "ಕಾಯೋದು ಬಿಟ್ಟು ಹತ್ತು ವರ್ಷ ಆಯ್ತು," ಅಂದಳು ಹೆಂಡತಿ.

*

ತಂಗಿ ಇನ್ನೂ ಅದೇ ಬೆಂಚಿನ ಮೇಲಿದ್ದಳು.

"ಅಣ್ಣ ಎಷ್ಟು ಚೂರಿ ತರಿಸಿದ್ದ?"

"ಯಾವಾಗ್ಲೂ ಎರಡು. ಮೊದಲನೇದು ಮುರಿಯೋಕೆ. ಎಷ್ಟು ಪೆಟ್ಟು ತಡೆಯುತ್ತೆ ಅಂತ ಗೊತ್ತಾದ ಮೇಲೆ ಎರಡನೇದರಲ್ಲಿ ಕಾಗದ, ಹಗ್ಗ, ಕೊನೇಲಿ ಮರ."

"ಮೊದಲನೇದು ಯಾವಾಗ ಮುರೀತು?"

"ಸೋಮವಾರ. ಹದಿನೇಳನೇ ಪೆಟ್ಟಿಗೆ. ಒಳಗಿನ ಉಕ್ಕು ಎಷ್ಟು ಬೇಗ ತುಕ್ಕು ಹಿಡಿಯುತ್ತೆ ನೋಡೋಣ ಅಂತ ತುಂಡುಗಳನ್ನ ಉಪ್ಪುನೀರಿಗೆ ಹಾಕಿದ್ದ."

"ಅವಕ್ಕೆ ಎಣ್ಣೆ ಹಚ್ತೀರಾ?"

"ಛೆ! ಹಚ್ಚಿದ್ರೆ ಪರೀಕ್ಷೆನೇ ಹಾಳು."

ಇವತ್ತು ಗುರುವಾರ. ಕಪಾಟಿನ ಮೇಲೆ ಗಾಜಿನ ಜಾಡಿ ಇತ್ತು. ಒಳಗೆ ಕಂದು ನೀರು ಬಿಟ್ಟರೆ ಏನೂ ಇಲ್ಲ. ಡ್ರಾಯರ್ ಎಳೆದೆ. ಎರಡನೇ ಚೂರಿ ಪ್ಯಾಕೆಟ್ಟಿನಲ್ಲೇ ಇತ್ತು, ಸೀಲು ಕೂಡ ಒಡೆದಿರಲಿಲ್ಲ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಮರ ಸೀಳೋಕೆ ಅಣ್ಣ ಕೈಯೇ ಹಾಕಿರಲಿಲ್ಲ.

"ಅಣ್ಣನ ಜೊತೆ ಯಾರಿಗಾದರೂ ಜಗಳ?"

"ಚೂರಿ ಕಂಪನಿ ಏಜೆಂಟು. ವರದಿ ಬರೆದ್ರೆ ಕೈ ಮುರೀತೀನಿ ಅಂತ ನಿನ್ನೆ ಬಂದು ಕೂಗಾಡಿದ."

*

ಏಜೆಂಟು ಬಾಗಿಲು ತೆಗೆದ ಕೂಡಲೇ ಲವಂಗದ ವಾಸನೆ ಹೊಡೆಯಿತು. ಮೀಸೆ ನನ್ನ ತೋಳು ಹಿಂಡಿದ. "ಸರ್! ಸಿಕ್ಕಿಬಿದ್ದ!"

ಏಜೆಂಟಿನ ಕೆನ್ನೆ ಚೆಂಡಿನ ಹಾಗೆ ಊದಿತ್ತು. ಬಾಯಿ ತುಂಬ ಹತ್ತಿ. ಏನು ಕೇಳಿದರೂ "ಊಂ, ಊಂ." ಕೊನೆಗೆ ಹಲ್ಲಿನ ಡಾಕ್ಟರ ಚೀಟಿ ಕೈಗಿಟ್ಟ. ಅವರಿಗೆ ಫೋನ್ ಮಾಡಿದೆ.

"ಒಂಬತ್ತರಿಂದ ಹನ್ನೊಂದೂವರೆ ತನಕ ನನ್ನ ಕುರ್ಚಿಯಲ್ಲೇ ಇದ್ದ," ಅಂದರು. "ಒಂದು ಹಲ್ಲಿಗೆ ಇಡೀ ಬೀದಿ ಕೇಳೋ ಹಾಗೆ ಕಿರುಚಿದ ಮಹಾನುಭಾವ."

ಮೀಸೆಯ ಮುಖ ಸಪ್ಪಗಾಯಿತು. ಹೊರಡುವಾಗ ಏಜೆಂಟು ಹತ್ತಿ ಪಕ್ಕಕ್ಕೆ ಸರಿಸಿ ಗೊಣಗಿದ: "ನನಗೇನ್ರೀ ನಷ್ಟ? ಮಾಲೆಲ್ಲ ಆಗ್ಲೇ ಅವನ ತಂಗಿ ಗಂಡ ತಗೊಂಡಿದ್ದಾನೆ. ಪ್ರತಿ ಚೂರಿ ಮೇಲೂ ಅವನ ಅಂಗಡಿ ಹೆಸರು."

ನನಗೆ ಇದು ಬೇಡವಾಗಿತ್ತು. ನಿಜವಾಗಿ ಬೇಡವಾಗಿತ್ತು.

*

ಅಂಗಡಿಯ ಅರ್ಧ ಶಟರ್ ಎಳೆದಿತ್ತು. ಗಂಡ ಕೌಂಟರಿನ ಹಿಂದೆ ಒಬ್ಬನೇ ಕೂತಿದ್ದ. ಮೀಸೆಯನ್ನು ಹಿತ್ತಲಿಗೆ ಕಳಿಸಿ ನಾನು ಒಳಗೆ ಹೋದೆ. ಜೇಬಿನಿಂದ ನನ್ನ ಹಳೇ ಮಡಚುಚೂರಿ ತೆಗೆದು ಮುಂದಿಟ್ಟೆ. ಅದಕ್ಕೂ ನನ್ನಷ್ಟೇ ತುಕ್ಕು.

"ಇದು ಇನ್ನು ಉಪಯೋಗಕ್ಕೆ ಬರುತ್ತೇನ್ರೀ?"

ಅವನು ಅಂಗಿ ಜೇಬಿನಿಂದ ಬಟ್ಟೆ ತುಂಡು ತೆಗೆದ, ಚೂರಿ ಬಿಡಿಸಿ ಒರೆಸತೊಡಗಿದ. ಒರೆಸುತ್ತಿದ್ದೀನಿ ಅಂತ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಲವಂಗದ ವಾಸನೆ ಮೂಗಿಗೆ ಬಂತು.

"ಏನು ಎಣ್ಣೆ ಇದು?"

"ಮಷಿನ್ ಎಣ್ಣೆಗೆ ಎರಡು ಹನಿ ಲವಂಗದೆಣ್ಣೆ. ನಮ್ಮಪ್ಪ ಕಲಿಸಿದ್ದು. ಬೇರೆ ಅಂಗಡೀಲಿ ಸಿಗಲ್ಲ."

"ಬೆಳಿಗ್ಗೆ ಜಾಡಿಯಿಂದ ತೆಗೆದ ತುಂಡನ್ನೂ ಹೀಗೇ ಒರೆಸಿದ್ರಲ್ಲ."

ಕೈ ನಿಂತಿತು.

"ಇಷ್ಟು ವರ್ಷದ ಅಭ್ಯಾಸ," ಅಂದೆ. "ತುಕ್ಕು ಕಂಡ್ರೆ ಕೈ ಸುಮ್ಮನಿರಲ್ಲ. ಆದ್ರೆ ಮುರಿದ ಬಾಯಿ ಒರಟು. ಅದರ ಸಂದಿಯ ತುಕ್ಕು ಒರೆಸಿದ್ರೆ ಹೋಗಲ್ಲ. ಚೂರಿ ಸೋಮವಾರವೇ ಮುರಿದಿತ್ತು. ಅದಕ್ಕೆ ಎಣ್ಣೆ ಹಚ್ಚೋ ಕೆಲಸ ನಿಮ್ಮ ಬಾವನೂ ಮಾಡಲ್ಲ, ನಿಮ್ಮ ಹೆಂಡತಿನೂ ಮಾಡಲ್ಲ. ಹಿಂದಿನಿಂದ ಕುತ್ತಿಗೆಗೆ ಒತ್ತಿದಿರಿ. ಆಮೇಲೆ ಹಿಡಿಯನ್ನ ಮರಕ್ಕೆ ಬಡಿದಿರಿ. ಮುಖಕವಚದ ಪಟ್ಟಿ ಕಿತ್ತೋಗಿದೆ, ಮನೆಗೆ ತಂದು ಹೊಲಿ ಅಂತ ಹೆಂಡತಿಗೆ ಹೇಳಿದ್ದೂ ನೀವೇ ಅಲ್ವಾ?"

ಹಿತ್ತಲಿನಿಂದ ಮೀಸೆ ಬಂದ. ಕಸದ ಡಬ್ಬದಲ್ಲಿ ಇನ್ನೊಂದು ಬಟ್ಟೆ ಸಿಕ್ಕಿತ್ತು, ರಕ್ತ ಹತ್ತಿದ್ದು. ಅದಕ್ಕೂ ಅದೇ ವಾಸನೆ.

ಗಂಡ ಕುರ್ಚಿಯಲ್ಲಿ ಕುಸಿದ. "ಪಟ್ಟಿ ನಾನೇ ಕಿತ್ತಿದ್ದೆ," ಅಂದ. "ಗೋಡೌನ್ ತುಂಬ ನನ್ನ ಹೆಸರು ಕೆತ್ತಿದ ಚೂರಿ ಸರ್. ಹದಿನೇಳು ಪೆಟ್ಟಿಗೆ ಮುರಿಯುತ್ತೆ ಅಂತ ನಾಳೆ ಪತ್ರಿಕೆಗೆ ಬರೆದು ಕಳಿಸ್ತಿದ್ದ. ಆಕ್ಸಿಡೆಂಟ್ ಅಂದ್ರೆ ಠಾಣೆ ಫೈಲಲ್ಲೇ ಮುಗಿಯುತ್ತೆ, ಚೂರಿ ಮಾತು ಹೊರಗೆ ಬರಲ್ಲ ಅಂದ್ಕೊಂಡೆ. ಇವತ್ತು ಬೆಳಿಗ್ಗೆ ಕೊನೇ ಸಲ ಕೇಳ್ಕೊಂಡೆ. ಕಾಲು ಹಿಡ್ಕೊಂಡೆ. 'ಕಾಡಲ್ಲಿ ಇದನ್ನ ನಂಬ್ಕೊಂಡವನ ಗತಿ ಏನು?' ಅಂದ."

"ಹೆಂಡತಿ ತಾನೇ ಕೊಂದೆ ಅಂತ ಅಳ್ತಿದ್ಲಲ್ರೀ. ಪಕ್ಕದಲ್ಲೇ ನಿಂತು ಕೇಳಿದ್ರಲ್ಲ. ಹೇಗಾಯ್ತು ನಿಮಗೆ?"

ಅವನು ನನ್ನ ಚೂರಿ ಮಡಚಿ, ಕೌಂಟರಿನ ಮೇಲೆ ನನ್ನ ಕಡೆ ಸರಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಹೊಡೆಯೋಕೂ ಶಕ್ತಿ ಇರಲಿಲ್ಲ.

*

ಅವಳಿಗೆ ಹೇಳುವ ಕೆಲಸ ನನ್ನದೇ. ಯಾರ ತಲೆಗೂ ಕಟ್ಟೋ ಹಾಗಿಲ್ಲ. ಶೆಡ್ಡಿನಲ್ಲಿ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಚೂರಿ, ಎಣ್ಣೆ, ಪಟ್ಟಿ, ಗಂಡ. ಏನೂ ಮುಚ್ಚಿಡಲಿಲ್ಲ.

"ನಿನ್ನದೇನೂ ತಪ್ಪಿಲ್ಲ ತಾಯಿ," ಅಂದೆ. ಅಷ್ಟಾದರೂ ನೆಮ್ಮದಿ ಆದೀತು ಅಂದುಕೊಂಡಿದ್ದೆ.

ಅವಳು ಮುಖಕವಚವನ್ನು ಬೆಂಚಿನ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ತಪ್ಪೇ ಆಗಿದ್ದಿದ್ರೆ ಚೆನ್ನಾಗಿತ್ತು ಸರ್," ಅಂದಳು. "ಅಳೋಕೆ ಮನೆಗಾದ್ರೂ ಹೋಗ್ತಿದ್ದೆ."

ಹೊರಗೆ ಮೀಸೆ ಜೀಪು ಸ್ಟಾರ್ಟ್ ಮಾಡಿದ. ಆಫ್ ಮಾಡು ಅಂತ ಕೈ ಸನ್ನೆ ಮಾಡಿ ಅಲ್ಲೇ ಕೂತೆ.