ನಡುಗುವ ಬ್ರೇಕು

ಧಡಾರ್! ಪ್ಲಾಸ್ಟಿಕ್ ಬಕೆಟ್ಟುಗಳು ರಸ್ತೆ ತುಂಬ ಉರುಳಿದವು. ಒಂದು ಕೆಂಪು ಬಕೆಟ್ಟಂತೂ ಎದುರಿನ ಚರಂಡಿಯವರೆಗೂ ಹೋಗಿ ನಿಂತಿತು.

ಅಮ್ಮ ಹೊಸ ಬೈಕಿನ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ಹಿಂದಿನ ಸೀಟಿನಲ್ಲಿ ಮಗಳು ಬಾಬಿನ್ ಅವಳ ಸೊಂಟ ಹಿಡಿದು ಕೂತಿದ್ದಳು. ಇಬ್ಬರಿಗೂ ಒಂದು ತರಚು ಗಾಯವೂ ಆಗಿರಲಿಲ್ಲ. ಆದರೆ ಮುಂದಿನ ಚಕ್ರದ ಕೆಳಗೆ ಸ್ಟೂಲೊಂದು ಎರಡು ತುಂಡಾಗಿ ಬಿದ್ದಿತ್ತು.

"ಅಯ್ಯೋ, ಈಗ ತಾನೇ ಅಲ್ಲಿ ಕೂತಿದ್ದೆ ಕಣಮ್ಮಾ!" ಬಕೆಟ್ ಅಂಗಡಿಯ ತಾತ ಬಾಗಿಲಲ್ಲೇ ನಿಂತುಬಿಟ್ಟ. ಕೈಯಲ್ಲಿ ನೀರಿನ ಲೋಟವಿತ್ತು. "ಬಾಯಾರಿಕೆ ಅಂತ ಒಳಗೆ ಹೋದೆ. ಇಲ್ದಿದ್ರೆ..."

ಬಾಬಿನ್ ಮುರಿದ ಸ್ಟೂಲನ್ನೇ ನೋಡಿದಳು.

ಅಮ್ಮ ಹೊಲಿಗೆ ಮಷೀನ್ ರಿಪೇರಿ ಮಾಡುವವಳು. ಮಗಳು ಮಷೀನಿನೊಳಗಿನ ದಾರದ ಉರುಳೆಯ ಹಾಗೆ ಪುಟ್ಟಗೆ, ದುಂಡಗೆ, ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಾಳೆ ಎಂದು ಅವಳೇ ಇಟ್ಟ ಹೆಸರು ಬಾಬಿನ್. ಹಳೆಯ ಬೈಕಿಗೆ ಕನ್ನಡಿಯೇ ಇರಲಿಲ್ಲ. ಬಾಬಿನ್ನೇ ಕನ್ನಡಿ! "ಲಾರಿ ಬಂತು, ತಡಿ!" "ಹ್ಞೂಂ, ಈಗ ತಿರುಗಿಸು!" ಎಂದು ಅವಳು ಹಿಂದಿನಿಂದ ಕೂಗಿದ ಹಾಗೆಯೇ ಅಮ್ಮ ಓಡಿಸುತ್ತಿದ್ದಳು. ಹೊಸ ಬೈಕು ಬಂದು ಮೂರೇ ದಿನವಾಗಿತ್ತು.

ಬಕೆಟ್ಟುಗಳನ್ನೆಲ್ಲ ಜೋಡಿಸಿಟ್ಟು, ಹೊಸ ಸ್ಟೂಲು ತಂದುಕೊಡುವುದಾಗಿ ಹೇಳಿ, ಅಮ್ಮ ಬೈಕನ್ನು ಗ್ಯಾರೇಜಿಗೆ ತಳ್ಳಿಕೊಂಡೇ ಹೋದಳು.

ಮೆಕ್ಯಾನಿಕ್ ಮಾಮ ಬೈಕನ್ನು ಎರಡು ಸುತ್ತು ಓಡಿಸಿ ಬಂದ. "ಬ್ರೇಕ್ ಚೆನ್ನಾಗೇ ಇದೆಯಲ್ಲ ಅಕ್ಕಾ."

"ಹಾಗಾದ್ರೆ ನನ್ನ ಕೈನೇ ಸರಿ ಇಲ್ಲ," ಅಂದಳು ಅಮ್ಮ. "ನಾಯಿ ಅಡ್ಡ ಬಂತು, ಒತ್ತಿದೆ. ಆಮೇಲೆ ಅದ್ಯಾಕೋ ಬಿಟ್ಟುಬಿಟ್ಟೆ. ಬೇಡಪ್ಪ, ಈ ಗಾಡಿ ಮಾರಿಬಿಡ್ತೀನಿ. ದೂರದ ಕೆಲಸಕ್ಕೆ ಇನ್ನು ಹೋಗೋದೇ ಇಲ್ಲ."

ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುವ ಅಮ್ಮ ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ಒತ್ತಿದಾಗ ಟರ್‌ರ್‌ರ್ ಅಂತ ನಡುಗ್ತಾ?" ಮಾಮ ಕೇಳಿದ. "ಅದು ಎಬಿಎಸ್ ಅಕ್ಕಾ. ಚಕ್ರ ಜಾರಬಾರದು ಅಂತ ಗಾಡೀನೇ ಬ್ರೇಕನ್ನ ಬಿಟ್ಟು ಬಿಟ್ಟು ಹಿಡಿಯುತ್ತೆ. ಏನೋ ಮುರೀತು ಅಂತ ಗಾಬರಿಯಾಗಿ ಬಿಟ್ರೆ ಮುಗೀತು ಕತೆ. ಒತ್ತಿಕೊಂಡೇ ಇರಬೇಕು."

ಬಾಬಿನ್‌ಗೆ ಸಿಡಿಲು ಬಡಿದಂತಾಯಿತು. ಆ ಟರ್‌ರ್‌ರ್ ಕೇಳಿ ಕೂಗಿದ್ದು ಯಾರು? ಅಮ್ಮನಿಗೆ ಅದು ನೆನಪೇ ಇಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಬೈಕು ಹೋಗುತ್ತದೆ.

"ಅಮ್ಮಾ, ನಾನು..." ಅವಳಿಗೆ ಅಳು ಉಕ್ಕಿತು. "ನಾನೇ 'ಬ್ರೇಕ್ ಮುರೀತು, ಬಿಡಮ್ಮಾ' ಅಂತ ಕಿರುಚಿದ್ದು."

ಅಮ್ಮ ಮಗಳನ್ನೇ ನೋಡಿದಳು. ಬೈಯಲಿಲ್ಲ. "ಹೌದಲ್ವೇನೇ! ನಿನ್ನ ದನಿ ಕೇಳಿದ ತಕ್ಷಣ ಕೈ ಬಿಟ್ಟೆ," ಅಂದಳು ಮೆಲ್ಲಗೆ. "ನೀನು ಹೇಳಿದ್ರೆ ನಾನು ಯೋಚ್ನೆನೇ ಮಾಡಲ್ವಲ್ಲ ಕಣೇ."

ಅದು ಬಾಬಿನ್‌ಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಸಂಜೆವರೆಗೂ ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಅಮ್ಮ ಬ್ರೇಕ್ ಹಾಕಿದ್ದೇ ಹಾಕಿದ್ದು. ಮೊದಲು ಒಬ್ಬಳೇ, ಆಮೇಲೆ ಬಾಬಿನ್‌ಳನ್ನು ಕೂರಿಸಿಕೊಂಡು. ಟರ್‌ರ್‌ರ್! ಬಾಬಿನ್ ತುಟಿ ಕಚ್ಚಿಕೊಂಡು ಕೂತಳು. ಮಾಮ ಎಳೆದ ಗೆರೆಗೆ ಒಂದು ಮೊಳ ಹಿಂದೆಯೇ ಬೈಕು ನಿಂತಿತು. "ಬ್ಯಾಂಡ್ ಬಾಜಾ ಕರೆಸಲಾ ಅಕ್ಕಾ?" ಅಂದ ಮಾಮ. ಅಮ್ಮ ನಕ್ಕುಬಿಟ್ಟಳು.

ಮನೆಗೆ ಹೊರಟಾಗ ಬಾಬಿನ್‌ಳ ತೊಡೆಯ ಮೇಲೆ ಹೊಸ ಸ್ಟೂಲಿತ್ತು. ದೂರದಲ್ಲಿ ಬಕೆಟ್ ಅಂಗಡಿ ಕಂಡಿತು. ತಾತ ಒಂದು ಬಕೆಟ್ಟನ್ನೇ ಬೋರಲು ಹಾಕಿಕೊಂಡು ಅದೇ ಜಾಗದಲ್ಲಿ ಕೂತಿದ್ದ.

ಹೊಸ ಬೈಕಿಗೆ ಎರಡೆರಡು ಕನ್ನಡಿ ಇದ್ದವು. ಅಮ್ಮ ಅವನ್ನು ನೋಡಿಯೂ ಕೇಳಿದಳು, "ಹಿಂದೆ ಏನಾದ್ರೂ ಬರ್ತಿದೆಯೇನೇ?"

ಬಾಬಿನ್ ತಿರುಗಿ ನೋಡಿದಳು. ಇನ್ನೊಂದು ಸಲ ನೋಡಿದಳು. ಆಮೇಲೆಯೇ ಬಾಯಿ ಬಿಟ್ಟಳು.

"ಏನೂ ಇಲ್ಲಮ್ಮ. ನಿಧಾನಕ್ಕೆ ತಿರುಗಿಸು."