ಕೋಶದ ಹೊರಗಿನ ಹೊಳಪು

ಔಷಧಿ ಹಾಕದ ಆರೋಗ್ಯವಂತ ಕೋಶಗಳ ತಟ್ಟೆಗಳೂ ಆ ಬೆಳಿಗ್ಗೆ ಹಸಿರಾಗಿ ಹೊಳೆಯುತ್ತಿದ್ದವು. ಕಿರಿಯ ಸಂಶೋಧಕಿಯ ಶೋಧಕದ್ರವ ಹೊಳೆಯಬೇಕಾದದ್ದು ಕೋಶವನ್ನು ಒಳಗಿಂದಲೇ ಸುಡುವ ಚುರುಕು ಅಣುಗಳು ಸಿಕ್ಕಾಗ ಮಾತ್ರ. ಮುಖ್ಯಸ್ಥರ ಹೊಸ ಔಷಧಿ ಅಂಥ ಅಣುಗಳನ್ನು ಹುಟ್ಟಿಸುತ್ತದೆ, ರೋಗಿಗಳಿಗೆ ಅಪಾಯ ಎಂದು ಅವಳು ಹಿಂದಿನ ವಾರವಷ್ಟೇ ತೋರಿಸಿದ್ದಳು. ಈಗ ಅವಳ ಮಾತಿಗೆ ಕವಡೆ ಕಿಮ್ಮತ್ತೂ ಉಳಿಯಲಿಲ್ಲ.

ಮುಖ್ಯಸ್ಥರ ತಂಗಿ ಸೂಕ್ಷ್ಮದರ್ಶಕದ ಕೋಣೆಯಲ್ಲಿ 'ಗೂಬೆ'ಯ ಸಹಾಯಕಿ. ದಿನವಿಡೀ ಕತ್ತಲಲ್ಲಿ ಕಣ್ಣರಳಿಸಿ ಕೂರುವ ಆ ಹಿರಿಯ ವಿಜ್ಞಾನಿಗೆ ಎಲ್ಲರೂ ಇಟ್ಟ ಹೆಸರದು. ಪ್ರಯೋಗಾಲಯದಲ್ಲಿ ಏನೇ ಎಡವಟ್ಟಾದರೂ ಪತ್ತೆಹಚ್ಚುವವನು ಅವನೇ. ಅಂದು ಮಾತ್ರ ತಂಗಿ ಅವನಿಗಾಗಿ ಕಾಯಲಿಲ್ಲ. ಅಣ್ಣನ ಕೋಣೆಯಿಂದ ಬಂದವಳೇ ಎಲ್ಲರೆದುರು ಆ ಸಂಶೋಧಕಿ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡಳು.

"ಬ್ಲೀಚ್ ಮೆತ್ತಿದ ಕೈಯಲ್ಲಿ ತಟ್ಟೆ ಮುಟ್ಟಿದ್ದೀಯ. ನಾಚಿಕೆ ಆಗಲ್ವಾ?"

ಹುಡುಗಿ ತಲೆ ತಗ್ಗಿಸಿ ನಿಂತಳು.

ಮಧ್ಯಾಹ್ನ ಗೂಬೆ ತಟ್ಟೆಗಳನ್ನು ಪರೀಕ್ಷಿಸಿದ. ಹೊಳಪು ಕೋಶಗಳ ಒಳಗಿರಲಿಲ್ಲ, ಸುತ್ತಲಿನ ದ್ರವದಲ್ಲಿ ಹರಡಿತ್ತು. ಬ್ಲೀಚ್‌ಗೆ ಮಾತ್ರ ಕೆಂಪಾಗುವ ಇನ್ನೊಂದು ಶೋಧಕವನ್ನು ಹನಿಸಿದ. ತಟ್ಟೆ ಕೆಂಪಾಯಿತು.

"ನೋಡಿದ್ರಾ, ನಾನು ಹೇಳಿದ್ದೇ ಸರಿ," ಎಂದಳು ತಂಗಿ.

ಗೂಬೆ ಅವಳ ಮುಖವನ್ನೇ ದಿಟ್ಟಿಸಿದ.

ಸಂಜೆ ಎಲ್ಲರನ್ನೂ ಸೇರಿಸಿದ. "ಕೋಶ ತಾನೇ ಹುಟ್ಟಿಸಿದ್ದರೆ ಹೊಳಪು ಒಳಗಿರಬೇಕಿತ್ತು. ಇದು ಹೊರಗಿಂದ ಬಿದ್ದದ್ದು. ಕೈಗೆ ಮೆತ್ತಿದ್ದಾದ್ರೆ ಒಂದೆರಡು ತಟ್ಟೆಗೆ ತಾಗೀತು. ಔಷಧಿ ಹಾಕದ ತಟ್ಟೆಗಳಿಗೆಲ್ಲ, ಅವಕ್ಕೆ ಮಾತ್ರ, ಒಂದೇ ಸಮ ತಾಗಲ್ಲ. ಹಾಗಾಗಿ ಬೇಕಂತಲೇ ಸುರಿದದ್ದು. ಶೋಧಕ ಸುಳ್ಳು ಅಂತಾದ್ರೆ ಔಷಧಿ ಉಳಿಯುತ್ತೆ. ಇನ್ನು, ಹಸಿರು ಶೋಧಕ ಯಾವ ಚುರುಕು ಅಣು ಸಿಕ್ಕರೂ ಹೊಳೆಯುತ್ತೆ. ಅದು ಬ್ಲೀಚ್ ಅಂತ ಗೊತ್ತಾಗಿದ್ದು ಮಧ್ಯಾಹ್ನ." ಅವನು ಸಹಾಯಕಿಯತ್ತ ತಿರುಗಿದ. "ಬೆಳಿಗ್ಗೆಯೇ ನಿನಗೆ ಬ್ಲೀಚ್ ಅಂತ ಹೇಳಿದ್ಯಾರು?"

ನಾನೇ ಊಹಿಸಿದೆ ಎಂದು ಅವಳು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಎದುರಿಗೆ ಹುಡುಗಿಯ ಅತ್ತು ಊದಿದ ಕಣ್ಣುಗಳಿದ್ದವು. ಮೈಯೆಲ್ಲ ಹಿಡಿಯಷ್ಟಾಯಿತು.

"ಅಣ್ಣ," ಎಂದಳು.

ಮುಖ್ಯಸ್ಥರು ಅಲ್ಲಗಳೆಯಲಿಲ್ಲ. "ಆ ಔಷಧಿ ಹೋದ್ರೆ ನನಗೆ ಉಳಿಯೋದೇನಿತ್ತು?" ಎಂದು ಗೋಡೆ ನೋಡುತ್ತ ಕೇಳಿದರು.

ಹೊರಗಿನ ಓಣಿಯಲ್ಲಿ ತಂಗಿ ಹುಡುಗಿಯನ್ನು ತಡೆದಳು. "ತಪ್ಪಾಯ್ತು ಕಣೇ."

"ಬೈದದ್ದು ಎಲ್ಲರೆದುರು," ಎಂದಳು ಹುಡುಗಿ ಮೆಲ್ಲಗೆ. "ಇದನ್ನ ನನ್ನೊಬ್ಬಳಿಗೇ ಹೇಳ್ತಿದ್ದೀರ."

ಅಷ್ಟೊತ್ತಿಗೆ ಒಳಗಿದ್ದವರು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು. ತಂಗಿ ವಾಪಸು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಎಲ್ಲರೂ ತನ್ನತ್ತ ನೋಡುವವರೆಗೆ ಕಾದು, ಅದೇ ಮಾತನ್ನು ಮತ್ತೆ ಹೇಳಿದಳು.