ಅವನು ‘ಬಿಟ್ಟೆ’ ಅಂದಿದ್ದು

"ಅಲ್ಲಿಂದ ಮೇಲೆ ಬನ್ನಿ."

ಗಂಡು ದನಿ. ಅವಳು ತಲೆ ಎತ್ತಲಿಲ್ಲ. ಅಣೆಕಟ್ಟಿನ ಪಕ್ಕದಲ್ಲಿ ಕಟ್ಟಿದ ಕಾಂಕ್ರೀಟ್ ಮೆಟ್ಟಿಲುಗಳ ನಡುವೆ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಅಳತೆಪಟ್ಟಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದೊಂದು ಮೆಟ್ಟಿಲೂ ಒಂದೊಂದು ತೊಟ್ಟಿ. ಮೀನುಗಳು ತೊಟ್ಟಿಯಿಂದ ತೊಟ್ಟಿಗೆ ನೆಗೆಯುತ್ತ ಅಣೆಕಟ್ಟು ಹತ್ತಿ ಆಚೆ ಹೋಗಲಿ ಎಂದು ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ಕಟ್ಟಿಸಿದ ಏಣಿ ಅದು. ಈಗ ಅದರಲ್ಲಿ ನೀರಿಗೆ ಬದಲು ಒಣಗಿದ ಎಲೆ, ಪ್ಲಾಸ್ಟಿಕ್ ಬಾಟಲಿ, ಯಾರದೋ ಒಂಟಿ ಚಪ್ಪಲಿ ಬಿದ್ದಿದ್ದವು.

"ನಿಮಗೇ ಹೇಳಿದ್ದು. ಮೇಲೆ ಬನ್ನಿ."

"ಯಾಕೆ?"

"ಅದು ನೀರು ಬರೋ ಜಾಗ."

ಈಗ ಅವಳು ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. "ಇದರಲ್ಲಿ ನೀರು ಬಂದು ಎಷ್ಟು ವರ್ಷ ಆಯ್ತು?"

ಅವನು ನಿಜಕ್ಕೂ ಯೋಚಿಸಿದ. "ನಾನು ಇಲ್ಲಿಗೆ ಬಂದ ಮೇಲೆ ಬಂದಿಲ್ಲ."

"ಹಾಗಾದ್ರೆ ನಾನೇನು ಗಾಳೀಲಿ ಮುಳುಗ್ತೀನಾ?"

ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಇಳಿದು ಬಂದ. ತನ್ನ ತಲೆಯ ಮೇಲಿದ್ದ ಹೆಲ್ಮೆಟ್ ತೆಗೆದು ಅವಳ ಕೈಗಿಟ್ಟು, ಬಂದ ದಾರಿಯಲ್ಲೇ ಹೋಗಿಬಿಟ್ಟ. ಹೆಲ್ಮೆಟ್ಟಿನ ಒಳಗೆ ಇನ್ನೂ ಅವನ ತಲೆಯ ಬಿಸಿ ಇತ್ತು.

ಎಂಥ ಮನುಷ್ಯನಪ್ಪ ಇವನು... ಎಂದುಕೊಂಡಳು. ಆಮೇಲೆ ಅದನ್ನೇ ತಲೆಗೆ ಹಾಕಿಕೊಂಡು ಅಳತೆ ಮುಂದುವರಿಸಿದಳು.

ಅವನು ಅಣೆಕಟ್ಟಿನ ಗೇಟುಗಳ ಎಂಜಿನಿಯರ್. ಎಲ್ಲ ಗೇಟುಗಳ ಕೀಲಿಯೂ ಅವನ ಹತ್ತಿರ. ಬಾಯಿಯ ಕೀಲಿಯನ್ನೂ ಅಲ್ಲೇ ಎಲ್ಲೋ ಇಟ್ಟು ಮರೆತಿದ್ದಾನೆ ಎಂದು ವಿದ್ಯುತ್ ಘಟಕದವರು ಅವನಿಗೆ ‘ಬೀಗ’ ಎಂದು ಹೆಸರಿಟ್ಟಿದ್ದರು. ಅವಳಿಗೆ ‘ಮೀನಮ್ಮ’ ಎಂಬ ಹೆಸರು ಬೀಳಲು ಎರಡು ದಿನವೂ ಹಿಡಿಯಲಿಲ್ಲ. ಮೀನುಗಾರಿಕೆ ಇಲಾಖೆಯಿಂದ ಬಂದ ಸಂಶೋಧಕಿ, ಕಂಡಕಂಡವರಿಗೆಲ್ಲ ಮೀನಿನ ಕಥೆ ಹೇಳುವವಳು, ಇನ್ನೇನು ಕರೆದಾರು?

ರಾತ್ರಿ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿದಳು. "ಇಲ್ಲಿ ಒಬ್ಬ ಬೀಗ ಇದ್ದಾನೆ ಚಿಕ್ಕಮ್ಮಾ, ಅವನ ಹತ್ರ ಕೆಲಸ ಮಾಡಿಸೋದು ಅಂದ್ರೆ..."

"ಹೋದ ಎರಡೇ ದಿನಕ್ಕೆ ಬೀಗರನ್ನೂ ಮಾಡ್ಕೊಂಡ್ಯಾ?" ಎಂದಳು ಚಿಕ್ಕಮ್ಮ. "ನಮಗೆ ಒಂದು ಮಾತು ಹೇಳ್ಬಾರ್ದಾ?"

"ಅಯ್ಯೋ, ಆ ಬೀಗ ಅಲ್ಲ."

"ಯಾವ ಬೀಗ ಆದ್ರೂ ಸರಿ, ನೋಡೋಕೆ ಹೇಗಿದ್ದಾನೆ?"

ಮೀನಮ್ಮ ಫೋನ್ ಇಟ್ಟುಬಿಟ್ಟಳು. ಕೆನ್ನೆ ಯಾಕೆ ಬಿಸಿಯಾಯಿತು ಎಂದು ಅವಳಿಗೇ ತಿಳಿಯಲಿಲ್ಲ.

ಕೆಲಸವೇನೋ ಹೇಳಲು ಸುಲಭ. ಸಮುದ್ರದಲ್ಲಿ ಬೆಳೆದ ಮೀನುಗಳು ಮೊಟ್ಟೆ ಇಡುವ ಕಾಲಕ್ಕೆ ತಾವು ಹುಟ್ಟಿದ ನದಿಗೆ ವಾಪಸಾಗುತ್ತವೆ. ಬಂದರೆ ಎದುರಿಗೆ ಅಣೆಕಟ್ಟು. ಏಣಿಗೆ ನೀರು ಬಿಟ್ಟರೆ ಹತ್ತಿ ಹೋಗುತ್ತವೆ. ಆದರೆ ಏಣಿಗೆ ಹೋದ ನೀರು ವಿದ್ಯುತ್ ಯಂತ್ರ ತಿರುಗಿಸುವುದಿಲ್ಲವಲ್ಲ. ಹಾಗಾಗಿ ಅಣೆಕಟ್ಟಿನ ದೊಡ್ಡ ಸಾಹೇಬರು ‘ನೋಡೋಣ’ ಎನ್ನುತ್ತಿದ್ದರು. ಅವರ ‘ನೋಡೋಣ’ಕ್ಕೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ.

ಅಷ್ಟರಲ್ಲಿ ಮೀನುಗಳು ಬಂದೇಬಿಟ್ಟವು.

ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅಣೆಕಟ್ಟಿನ ಬುಡದಲ್ಲಿ ಬೆಳ್ಳಿ ಬೆನ್ನುಗಳು ಒತ್ತೊತ್ತಾಗಿ ಸುತ್ತುತ್ತಿದ್ದವು. ಒಂದೊಂದು ನೆಗೆದು ಗೋಡೆಗೆ ಬಡಿದುಕೊಂಡು ಕೆಳಗೆ ಬೀಳುತ್ತಿತ್ತು. ಮತ್ತೆ ನೆಗೆಯುತ್ತಿತ್ತು. ಆ ಸದ್ದು ಕೋಣೆಗೆ ಹೋದರೂ ಅವಳ ಕಿವಿಯಲ್ಲೇ ಇರುತ್ತಿತ್ತು. ಊಟದ ತಟ್ಟೆ ಮುಂದಿಟ್ಟುಕೊಂಡು ಎದ್ದುಹೋಗುವಳು, ದಡದಲ್ಲಿ ನಾಲ್ಕು ಸಲ ಅತ್ತಿಂದಿತ್ತ ನಡೆಯುವಳು, ಮತ್ತೆ ಬಂದು ಕೂರುವಳು.

ಆಗೆಲ್ಲ ಬೀಗ ಎರಡು ಲೋಟ ಚಹಾ ಹಿಡಿದು ಬಂದು ದಡದಲ್ಲಿ ಕೂರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಒಂದು ಸಂಜೆ ಮಾತ್ರ ತಾನಾಗಿ ಕೇಳಿದ. "ಅವಕ್ಕೆ ದಾರಿ ಹೇಗೆ ಗೊತ್ತಾಗುತ್ತೆ?"

"ಹುಟ್ಟಿದ ನೀರಿನ ವಾಸನೆ ಮರೆಯಲ್ಲ."

"ಇಲ್ಲೇ ಕೆಳಗೆ ಮೊಟ್ಟೆ ಇಟ್ರೆ?"

"ಈ ಕೆಸರಲ್ಲಿ ಒಂದೂ ಉಳಿಯಲ್ಲ. ಮೇಲೆ ಕಲ್ಲುಗಳ ಮಧ್ಯೆ ತಣ್ಣಗೆ ಹರಿಯೋ ನೀರೇ ಬೇಕು. ಇನ್ನು ಸ್ವಲ್ಪ ದಿನ ಕಾಯ್ತಾವೆ. ಆಮೇಲೆ..."

ಮರುದಿನ ಬೆಳಿಗ್ಗೆ ನೋಡಿದರೆ ಏಣಿಯ ತೊಟ್ಟಿಗಳೆಲ್ಲ ಚೊಕ್ಕಟವಾಗಿದ್ದವು. ಎಲೆಯಿಲ್ಲ, ಬಾಟಲಿಯಿಲ್ಲ. ಬೀಗನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಆ ಬೊಬ್ಬೆ ನೋಡಿದ ಮೇಲೆ ನಮ್ಮ ಮೀನಮ್ಮನ ಕಥೆ ಮುಗಿಯಿತು ಅನ್ನಿ. ಅವನ ಬೂಟಿನ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಮರೆಯುತ್ತಿದ್ದಳು. ಅವನಿಗೂ ಹೀಗೇ ಆಗುತ್ತಾ? ಅಥವಾ ಎಲ್ಲರಿಗೂ ಹೀಗೇ ಚಹಾ ತಂದುಕೊಡ್ತಾನಾ? ಕೇಳುವುದು ಯಾರನ್ನ?

ಅದೇ ಹೊತ್ತಿಗೆ ದೂರದ ನಗರದ ಪ್ರಯೋಗಾಲಯದಿಂದ ಅವಳಿಗೆ ಕರೆ ಬಂತು. ಒಳ್ಳೆಯ ಕೆಲಸ, ಕೂಡಲೇ ಬಂದು ಸೇರಬೇಕು, ಉತ್ತರ ನಾಳೆಯೇ ಹೇಳಬೇಕು. ಅವಳು ನೇರವಾಗಿ ಗೇಟಿನ ಕೋಣೆಗೆ ಹೋದಳು. ಅವನು ಸರಪಳಿಗೆ ಗ್ರೀಸ್ ಹಚ್ಚುತ್ತಿದ್ದ.

"ನನಗೆ ಬೇರೆ ಕಡೆ ಕೆಲಸ ಸಿಕ್ಕಿದೆ."

ಅವನ ಕೈ ನಿಂತಿತು.

"ಹೋಗ್ಲಾ? ಇರ್ಲಾ?"

ಅವನು ಅವಳನ್ನು ನೋಡಿದ, ಸರಪಳಿಯನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಗ್ರೀಸಿನ ಡಬ್ಬಿ ಮುಚ್ಚಿದ, ಮತ್ತೆ ತೆರೆದ.

ಇವನಿಗಿಂತ ಆ ಗೇಟೇ ವಾಸಿ, ಎಣ್ಣೆ ಬಿಟ್ಟರೆ ತೆರೆದುಕೊಳ್ಳುತ್ತೆ... ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ನಾಳೆ ಸಾಹೇಬರು ಬರ್ತಾರಲ್ಲ, ಅವರ ಹತ್ರ ನೀರಿನ ವಿಷಯ ಮಾತಾಡಿ. ಆಮೇಲೆ ನನಗೆ ಒಂದೇ ಒಂದು ಮಾತು ಹೇಳಿ, ಸಾಕು. ನೀರಿನದ್ದೂ, ನನ್ನದ್ದೂ."

ಅವನು ತಲೆಯಾಡಿಸಿದ.

ಮರುದಿನ ಅವಳು ಕೋಣೆಯಿಂದ ಏಣಿಗೆ, ಏಣಿಯಿಂದ ಕೋಣೆಗೆ ಎಷ್ಟು ಸಲ ಓಡಾಡಿದಳೋ. ಕೊನೆಗೆ ಒದ್ದೆ ಬೂಟುಗಳನ್ನು ಏಣಿಯ ಕೆಳತೊಟ್ಟಿಯ ಅಂಚಿನಲ್ಲಿ ಬಿಸಿಲಿಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೋಣೆಗೆ ಬಂದು ಕೂತಳು. ಗುಡ್ಡದ ಮರೆಯ ಆ ಕೋಣೆಗೆ ಇದ್ದ ಒಂದೇ ಕಿಟಕಿ ಗೋಡೆಯ ಕಡೆಗಿತ್ತು. ಎಲ್ಲೋ ಸೈರನ್ ಕೂಗಿತು. ಯಂತ್ರ ಶುರುಮಾಡುವಾಗಲೆಲ್ಲ ಅದು ಕೂಗುವುದೇ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಜಿನ ಮೇಲಿದ್ದ ವಾಕಿಟಾಕಿ ಗೊರಗೊರ ಎಂದಿತು.

"ಮೀನಮ್ಮ..."

"ಹೇಳಿ." ಅವಳು ವಾಕಿಟಾಕಿ ಬಾಚಿಕೊಂಡಳು.

"ಬಿಟ್ಟೆ."

"ಏನು?"

"ಬಿಟ್ಟೆ ಅಂದೆ. ನೀವು ಅಲ್ಲಿಂದ ಹೊರಡಿ."

ಬಿಟ್ಟೆ...

ಎರಡಕ್ಕೂ ಸೇರಿಸಿ ಒಂದೇ ಮಾತು. ತಾನೇ ಕೇಳಿದ್ದಲ್ಲವೇ? ನೀರಿನ ಆಸೆ ಬಿಟ್ಟ, ಅವಳ ಆಸೆಯನ್ನೂ ಬಿಟ್ಟ. ಮೇಲಿಂದ ‘ಹೊರಡಿ’ ಬೇರೆ. ಒಂದು ಮಾತು ಸಾಕು ಅಂದೆ, ನಿಜ. ಆದರೆ ಅದನ್ನು ಇಷ್ಟು ನಿರಾಳವಾಗಿ ಹೇಳೋಕೆ ಅವನಿಗೆ ಮನಸ್ಸಾದರೂ ಹೇಗೆ ಬಂತು?

"...ಸರಿ," ಎಂದು ವಾಕಿಟಾಕಿ ಆರಿಸಿಬಿಟ್ಟಳು.

ಕಣ್ಣೀರು ಒರೆಸಿಕೊಳ್ಳುತ್ತಲೇ ಕೈಗೆ ಸಿಕ್ಕಿದ ಬಟ್ಟೆ ಚೀಲಕ್ಕೆ ತುರುಕಿದಳು. ಬಸ್ಸು ಸಿಕ್ಕಿತು. ಕಿಟಕಿ ಪಕ್ಕ ಕೂತಳು. ಅಣೆಕಟ್ಟಿನ ಕಡೆ ನೋಡಬಾರದು ಎಂದು ಹಲ್ಲು ಕಚ್ಚಿ ಮುಖ ತಿರುಗಿಸಿಕೊಂಡಳು.

ಅಣೆಕಟ್ಟಿನ ಕೆಳಗಿನ ಸೇತುವೆ ಮೇಲೆ ಬಸ್ಸು ನಿಧಾನವಾಯಿತು. ಜನ ಒಂದೇ ಪಕ್ಕಕ್ಕೆ ನುಗ್ಗಿದರು.

"ಅಲ್ನೋಡಿ, ಮೀನು ಹಾರ್ತಾ ಇದೆ," ಎಂದರು ಯಾರೋ.

ಅವಳು ತಿರುಗಿದಳು.

ಏಣಿಯ ತುದಿಯಿಂದ ಬುಡದವರೆಗೆ ಬೆಳ್ಳಗೆ ನೊರೆನೊರೆಯಾಗಿ ನೀರು ಇಳಿಯುತ್ತಿತ್ತು. ತೊಟ್ಟಿಯಿಂದ ತೊಟ್ಟಿಗೆ ಮೀನುಗಳು ನೆಗೆಯುತ್ತಿದ್ದವು. ಇಷ್ಟು ದಿನ ಗೋಡೆಗೆ ತಲೆ ಚಚ್ಚಿಕೊಂಡ ಅವೇ ಮೀನುಗಳು.

ಬಿಟ್ಟೆ... ನೀರು ಬಿಟ್ಟೆ. ‘ಇಗೋ ಬಂದೆ’ ಅನ್ನೋ ಹಾಗೆ, ಇಗೋ ಬಿಟ್ಟೆ. ನೀರು ಬರ್ತಿದೆ, ತೊಟ್ಟಿಯಿಂದ ಹೊರಡಿ. ಅಷ್ಟೇ ಅವನು ಹೇಳಿದ್ದು. ಅಯ್ಯೋ ನನ್ನ ತಲೆಗಿಷ್ಟು...

ನಗು ಬರುವಷ್ಟರಲ್ಲಿ ಏಣಿಯ ಬಿಳುಪು ಮೇಲಿನಿಂದ ಕರಗುತ್ತ ಬಂತು. ನೀರು ನಿಲ್ಲುತ್ತಿತ್ತು. ಯಾಕೆ?

ಕೆಳತೊಟ್ಟಿಯಲ್ಲಿ ಎದೆಮಟ್ಟದ ನೀರಿನಲ್ಲಿ ಒಬ್ಬ ಮನುಷ್ಯ ಕೋಲು ಹಿಡಿದು ತಡಕಾಡುತ್ತಿದ್ದ. ಅವನ ಇನ್ನೊಂದು ಕೈಯಲ್ಲಿ ಒಂದು ರಬ್ಬರ್ ಬೂಟು.

ಅವಳಿಗೆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಅವಳು ‘ಸರಿ’ ಎಂದಿದ್ದನ್ನು ನಂಬಿ ಅವನು ಗೇಟು ಪೂರ್ತಿ ಎತ್ತಿದ್ದಾನೆ. ಆಮೇಲೆ ಕರೆದರೆ ಉತ್ತರವಿಲ್ಲ. ಮೇಲಿಂದ ನೋಡಿದರೆ ಅವಳ ಬೂಟು ನೀರಿನಲ್ಲಿ ತೇಲುತ್ತಿದೆ. ಗೇಟು ಮುಚ್ಚಿ ಕೆಳಗೆ ಓಡಿಬಂದಿದ್ದಾನೆ.

"ನಿಲ್ಸಿ. ನಾನು ಇಳೀಬೇಕು."

"ಸೇತುವೆ ಮೇಲೆ ನಿಲ್ಸೋ ಹಾಗಿಲ್ಲಮ್ಮ," ಎಂದ ಕಂಡಕ್ಟರ್. "ಈಗಷ್ಟೇ ಹತ್ತಿದ್ರಲ್ಲ?"

"ಅಲ್ಲೊಬ್ಬ ನಾನು ಸತ್ತೋದೆ ಅಂತ ನನ್ನನ್ನೇ ಹುಡುಕ್ತಾ ಇದ್ದಾನೆ ಸ್ವಾಮಿ."

ಕಂಡಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿ ಸೀಟಿ ಊದಿದ.

ಅವಳು ಓಡಿದಳು. ಒಂದು ಚಪ್ಪಲಿಯ ಉಂಗುಟ ಕಿತ್ತುಹೋಯಿತು, ಎರಡನ್ನೂ ಅಲ್ಲೇ ಒಗೆದಳು. ಅಣೆಕಟ್ಟಿನ ಮೇಲೆ ನಿಂತ ದೊಡ್ಡ ಸಾಹೇಬರು, ಯಾರ ಅಪ್ಪಣೆ ಕೇಳಿ ಗೇಟು ಮುಚ್ಚಿದೆ ಎಂದು ಕೆಳಗೆ ನೋಡಿ ಕೂಗಾಡುತ್ತಿದ್ದರು. ಅವನಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

"ರೀ..."

ಅವನು ತಿರುಗಿದ. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ಅವಳನ್ನು ನೋಡಿದ, ಕೈಯಲ್ಲಿದ್ದ ಬೂಟು ನೋಡಿದ. ದಡ ಹತ್ತಿ ಬಂದವನು ಅವಳ ಎರಡೂ ತೋಳು ಗಟ್ಟಿಯಾಗಿ ಹಿಡಿದುಕೊಂಡ.

"ಎಲ್ಲಿ ಹೋಗಿದ್ರಿ? ಎಷ್ಟು ಸಲ ಕರೆದೆ... ನೀರು ಬಿಟ್ಟವನು ನಾನೇ. ನನ್ನ ಕೈಯಾರೆ... ನಿಮಗೇನಾದ್ರೂ ಆಗಿದ್ರೆ ನಾನು ಬದುಕಿ ಏನು ಮಾಡ್ಲಿ?"

"ನೀವು ನನ್ನನ್ನ ಬಿಟ್ಟೆ ಅಂದ್ರಿ ಅಂದ್ಕೊಂಡೆ," ಎಂದಳು. ಕಣ್ಣಲ್ಲಿ ನೀರು ದಳದಳ ಇಳಿಯಿತು. "ಹೊರಡಿ ಅಂದ್ರಿ, ಹೊರಟುಬಿಟ್ಟೆ."

"ನಿಮ್ಮನ್ನ ಬಿಡೋದಾ?" ಅವನು ಆ ಮಾತೇ ಅರ್ಥವಾಗದವನ ಹಾಗೆ ನಿಂತ. "ನಿಮ್ಮನ್ನ ಬಿಡೋದು ಹೇಗೆ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ. ಒಳ್ಳೆ ಕೆಲಸ ಬಿಟ್ಟು ಇರಿ ಅನ್ನೋಕೆ ನಾನ್ಯಾರು ಅಂತ ಬಾಯಿ ಮುಚ್ಕೊಂಡಿದ್ದೆ. ಇರಿ. ಇದ್ದುಬಿಡಿ. ನನಗೆ ನೀವು ಬೇಕು."

ಅವಳು ಅಳುತ್ತಲೇ ನಕ್ಕಳು. ಅಷ್ಟರಲ್ಲಿ ಹಿಂದಿನ ತೊಟ್ಟಿಯಲ್ಲಿ ಪಟಪಟ ಸದ್ದು. ನೀರು ಇಳಿದ ತೊಟ್ಟಿಯಲ್ಲಿ ಮೀನೊಂದು ಮಗ್ಗುಲಾಗಿ ಬಿದ್ದು ಒದ್ದಾಡುತ್ತಿತ್ತು. ಅದರ ಪಕ್ಕ ಇನ್ನೊಂದು. ಮೇಲೆಲ್ಲ ಇನ್ನೆಷ್ಟೋ.

"ಗೇಟು," ಎಂದಳು.

"ಇವತ್ತು ಒಂದು ಮೀನಾದ್ರೂ ದಾಟಿದ್ರೆ ಸೀಸನ್ ಪೂರ್ತಿ ನೀರು, ಇಲ್ಲಾಂದ್ರೆ ಗೇಟಿಗೆ ವೆಲ್ಡಿಂಗ್ ಹಾಕಿ ಮುಚ್ಚಿಸ್ತೀನಿ ಅಂದಿದ್ದಾರೆ ಸಾಹೇಬರು," ಎಂದ ಅವನು, ಆಗಲೇ ಓಡುತ್ತ.

ಇಬ್ಬರೂ ಮೆಟ್ಟಿಲು ಹತ್ತಿದರು. ತಣ್ಣೀರಿಗೆ ಅವನ ಬೆರಳುಗಳು ಮರಗಟ್ಟಿದ್ದವು, ಗೇಟು ಎತ್ತುವ ಚಕ್ರ ತಿರುಗಲಿಲ್ಲ. ಅವಳು ಬರಿಗಾಲು ಊರಿ ಇನ್ನೊಂದು ಬದಿ ಹಿಡಿದಳು. ಇಬ್ಬರ ಭಾರವೂ ಬಿದ್ದ ಮೇಲೆ ಗೇಟು ಕಿರ್ರೆಂದು ಎದ್ದಿತು. ನೀರು ಧುಮುಕಿತು.

ಸಾಹೇಬರು ಬಯ್ಯಲು ಬಂದವರು ಬಯ್ಯುವುದನ್ನು ಮರೆತು ಕಂಬಿ ಹಿಡಿದು ಬಗ್ಗಿ ನೋಡಿದರು. ತೊಟ್ಟಿಗಳು ಒಂದೊಂದಾಗಿ ತುಂಬಿದವು. ಮಗ್ಗುಲಾಗಿ ಬಿದ್ದಿದ್ದ ಮೀನುಗಳು ನೆಟ್ಟಗಾದವು. ಒಂದು ನೆಗೆಯಿತು, ಜಾರಿತು. ಮತ್ತೆ ನೆಗೆಯಿತು. ಅವಳು ಉಸಿರು ಬಿಗಿಹಿಡಿದು ಅವನ ಒದ್ದೆ ತೋಳನ್ನು ಹಿಸುಕುತ್ತಿದ್ದಳು. ಮೇಲಿನ ತೊಟ್ಟಿಗೆ ಬಂದ ಮೀನು ಒಂದು ಗಳಿಗೆ ಸುಧಾರಿಸಿಕೊಂಡಿತು. ಆಮೇಲೆ ಬಾಲ ಬೀಸಿ, ಗೇಟಿನ ಕೆಳಗಿನಿಂದ ನುಸುಳಿ, ಆಚೆಯ ನಿಂತ ನೀರಿಗೆ ಸೇರಿ ಕಾಣದಾಯಿತು. ಅದರ ಹಿಂದೆಯೇ ಇನ್ನೊಂದು. ಅದರ ಹಿಂದೆ ಮೂರು.

ಸಾಹೇಬರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಸೀಸನ್ ಮುಗಿಯೋವರೆಗೂ ತೆಗೆದೇ ಇರ್ಲಿ," ಎಂದು ಯಾರ ಮುಖವನ್ನೂ ನೋಡದೆ ಕಾರಿನ ಕಡೆ ನಡೆದರು.

ಅವಳು ಅಲ್ಲೇ ನಿಂತು ನಗರದ ಪ್ರಯೋಗಾಲಯಕ್ಕೆ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿ ಮುಗಿಸಿದಳು. ಅವನು ಅಷ್ಟೂ ಹೊತ್ತು ನೀರನ್ನೇ ನೋಡುತ್ತಿದ್ದ. ಕಿವಿ ಮಾತ್ರ ಇತ್ತಲೇ ಇತ್ತು.

"ಈ ಮೀನೆಲ್ಲ ಮೇಲೆ ಹೋಗಿ ಆದ್ಮೇಲೆ?" ಎಂದ. "ನಿಮ್ಮ ಕೆಲಸ ಮುಗೀತಲ್ಲ."

"ಮರಿಗಳು ಕೆಳಗೆ ಬರಬೇಕಲ್ಲ. ಅವಕ್ಕೂ ನೀರು ಬೇಕು, ನೋಡ್ಕೊಳ್ಳೋರು ಬೇಕು."

"ಅವೂ ಹೋದ್ಮೇಲೆ?"

"ಸಮುದ್ರದಲ್ಲಿ ದೊಡ್ಡವಾಗಿ ಮತ್ತೆ ಇಲ್ಲಿಗೇ ಬರ್ತಾವೆ."

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಹಾಗಾದ್ರೆ ಇದು ಮುಗಿಯೋದೇ ಇಲ್ಲ."

"ಇಲ್ಲ," ಎಂದಳು ಅವಳು, ಅವನ ಭುಜಕ್ಕೆ ತಲೆಯಾನಿಸಿ. "ನಿಮಗೆ ತೊಂದರೆ ಏನಾದ್ರೂ ಇದೆಯಾ?"